ಸಂಕಟ, ಸಂಸ್ಕೃತಿ ಮತ್ತು ಆಲಿಸುವಿಕೆ: ಮನೋವಿಶ್ಲೇಷಣೆಯ ದೃಷ್ಟಿಯಿಂದ ಒಂದು ವಿಚಾರ

ದುಃಖವನ್ನು ಅನುಭವಿಸದ ಮನುಷ್ಯನಿಲ್ಲ. ಅದನ್ನು ಯಾರ ಮುಂದಾದರೂ ತೋಡಿಕೊಳ್ಳಬೇಕೆಂದು ಹಂಬಲಿಸದ ಮನುಷ್ಯನೂ ಇಲ್ಲ. ಹೊಲದ ಬದುವಿನ ಮೇಲೆ, ಬಾವಿಯ ಕಟ್ಟೆಯ ಮೇಲೆ, ಗುಡಿಯ ಪೌಳಿಯಲ್ಲಿ, ಮಠದ ಪಡಸಾಲೆಯಲ್ಲಿ ನಮ್ಮ ಜನರು ತಲೆತಲಾಂತರದಿಂದ ತಮ್ಮ ಸಂಕಟವನ್ನು ಹೇಳಿಕೊಳ್ಳುತ್ತ ಬಂದಿದ್ದಾರೆ. ಹೇಳಿಕೊಂಡ ಬಳಿಕ ಎದೆ ಹಗುರಾಗುವುದೆಂಬುದು ಎಲ್ಲರ ಅನುಭವಕ್ಕೆ ಬಂದ ಮಾತು. ಆದರೆ ಹೇಳಿಕೊಂಡರೆ ಹಗುರಾಗುವುದೇಕೆ? ಯಾರು ಹೇಗೆ ಕೇಳಿದಾಗ ಹಗುರಾಗುತ್ತದೆ? ಕೆಲವೊಮ್ಮೆ ಎಷ್ಟು ಹೇಳಿಕೊಂಡರೂ ಭಾರವಿಳಿಯದಿರುವುದಕ್ಕೆ ಕಾರಣವೇನು? ಈ ಪ್ರಶ್ನೆಗಳನ್ನು ಶಾಸ್ತ್ರವಾಗಿ ವಿಚಾರಿಸಿದ್ದು ಕಳೆದ ನೂರಮೂವತ್ತು ವರ್ಷಗಳಲ್ಲಿ ಬೆಳೆದು ಬಂದ ಮನೋವಿಶ್ಲೇಷಣೆ ಎಂಬ ಜ್ಞಾನಶಾಖೆ. ಅದರ ತಿರುಳನ್ನು ಸಂಗ್ರಹವಾಗಿ ಹೇಳಿ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಮ್ಮ ಜನಜೀವನಕ್ಕೆ ಅದನ್ನು ಹೊಂದಿಸಿ ನೋಡಿ, ಕೊನೆಯಲ್ಲಿ ನಮ್ಮ ಶಾಲೆಗಳ ಹೊಣೆಯನ್ನು ಕುರಿತು ಎರಡು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮಾತಿನ ಚಿಕಿತ್ಸೆಯ ಉದಯ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ವೈದ್ಯರಿಗೆ ಒಂದು ಬಗೆಯ ರೋಗಿಗಳು ದೊಡ್ಡ ಒಗಟಾಗಿದ್ದರು. ಕೈ ಸ್ವಾಧೀನ ತಪ್ಪಿರುತ್ತಿತ್ತು, ನರಗಳಲ್ಲಿ ದೋಷ ಕಾಣುತ್ತಿರಲಿಲ್ಲ. ದೃಷ್ಟಿ ಮಂಕಾಗಿರುತ್ತಿತ್ತು, ಕಣ್ಣು ಸರಿಯಾಗಿಯೇ ಇರುತ್ತಿತ್ತು. ಇದನ್ನು ಹಿಸ್ಟೀರಿಯಾ ಎಂದು ಕರೆದರು. ವಿಯೆನ್ನಾದ ಜೋಸೆಫ್ ಬ್ರಾಯರ್ ಎಂಬ ವೈದ್ಯನು 1880ರಿಂದ 1882ರ ವರೆಗೆ ಇಂತಹ ಒಬ್ಬ ತರುಣಿಗೆ ಚಿಕಿತ್ಸೆ ನೀಡಿದನು. ವೈದ್ಯಗ್ರಂಥದಲ್ಲಿ ಆಕೆಗೆ ಆನ್ನಾ ಓ. ಎಂಬ ಮರೆಹೆಸರು. ತಂದೆಯ ಕೊನೆಗಾಲದ ಶುಶ್ರೂಷೆಯಲ್ಲಿ ನವೆದಿದ್ದ ಆಕೆ ತನ್ನ ಮನಸ್ಸಿಗೆ ಬಂದುದನ್ನೆಲ್ಲ ಆಡಿ ಮುಗಿಸಿದ ಮೇಲೆ ಕೆಲವು ಲಕ್ಷಣಗಳು ಇಳಿಮುಖವಾಗುತ್ತಿದ್ದವು. ಇದಕ್ಕೆ 'ಮಾತಿನ ಚಿಕಿತ್ಸೆ' ಎಂಬ ಹೆಸರನ್ನು ಕೊಟ್ಟವಳು ಆ ರೋಗಿಯೇ ಎಂಬುದು ಗಮನಾರ್ಹ. ಆಕೆ ಕೂಡಲೇ ಪೂರ್ಣ ಗುಣಮುಖಳಾಗಲಿಲ್ಲ. ಆ ಬಳಿಕವೂ ಕೆಲಕಾಲ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು. ಆದರೆ ಮುಂದೆ ಬರ್ಥಾ ಪಾಪೆನ್‌ಹೈಮ್ ಎಂಬ ತನ್ನ ನಿಜನಾಮದಿಂದಲೇ ಆಕೆ ಜರ್ಮನಿಯ ಯಹೂದಿ ಮಹಿಳೆಯರ ಸಂಘಟನೆಯನ್ನು 1904ರಲ್ಲಿ ಸ್ಥಾಪಿಸಿ ಅನಾಥ ಹೆಣ್ಣುಮಕ್ಕಳ ಆಸರೆಯಾದಳು.

ಬ್ರಾಯರನ ಕಿರಿಯ ಗೆಳೆಯನಾದ ಸಿಗ್ಮಂಡ್ ಫ್ರಾಯ್ಡ್ (1856–1939) ಈ ಎಳೆಯನ್ನು ಹಿಡಿದು ಮುಂದುವರಿದನು. ಇಬ್ಬರೂ ಕೂಡಿ 1895ರಲ್ಲಿ ಹಿಸ್ಟೀರಿಯಾ ಕುರಿತ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಬರುವ ಇನ್ನೊಬ್ಬ ರೋಗಿ, ವೈದ್ಯನು ನಡುನಡುವೆ ಪ್ರಶ್ನೆ ಕೇಳುವುದನ್ನು ಸಹಿಸದೆ, ತಾನು ಹೇಳಬೇಕೆಂದಿರುವುದನ್ನು ಹೇಳಲು ಬಿಡಬೇಕೆಂದು ಫ್ರಾಯ್ಡನನ್ನೇ ತರಾಟೆಗೆ ತೆಗೆದುಕೊಂಡಳು. ಅವನು ಸುಮ್ಮನಾದನು. ವೈದ್ಯನು ಬಾಯಿ ಮುಚ್ಚಿ ಕಿವಿ ತೆರೆದ ಆ ಗಳಿಗೆಯೂ ಮನೋವಿಶ್ಲೇಷಣೆಯ ಹುಟ್ಟಿನ ಒಂದು ಗಳಿಗೆಯೇ ಸರಿ.

ಫ್ರಾಯ್ಡನ ಸಿದ್ಧಾಂತದ ಎಲ್ಲ ವಿವರಗಳು ಇಲ್ಲಿ ಬೇಕಿಲ್ಲ. ಅವುಗಳಲ್ಲಿ ಹಲವನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ, ಕೆಲವನ್ನು ಕೈಬಿಟ್ಟಿದ್ದಾರೆ. ನಮಗೆ ಮುಖ್ಯವಾದವು ಮೂರು ಸಂಗತಿಗಳು. ಮೊದಲನೆಯದು, ಮನಸ್ಸಿನ ದೊಡ್ಡ ಭಾಗ ನಮ್ಮ ಅರಿವಿಗೆ ನೇರವಾಗಿ ನಿಲುಕುವುದಿಲ್ಲ. ಸಹಿಸಲಾಗದ ನೆನಪು, ಒಪ್ಪಿಕೊಳ್ಳಲಾಗದ ಬಯಕೆ, ತೋರಿಸಲಾಗದ ಸಿಟ್ಟು ಒಳಗೆ ತಳ್ಳಲ್ಪಡುತ್ತವೆ. ತಳ್ಳಲ್ಪಟ್ಟವು ಸಾಯುವುದಿಲ್ಲ, ಕನಸಾಗಿ, ಬಾಯ್ತಪ್ಪಿ ಬಂದ ಮಾತಾಗಿ, ದೇಹದ ಬೇನೆಯಾಗಿ ಬೇರೆ ದಾರಿಯಿಂದ ಹೊರಬರುತ್ತವೆ. ಎರಡನೆಯದು, ಕೇಳುವವನ ರೀತಿ. ರೋಗಿಯ ಮಾತಿನಲ್ಲಿ ಇದು ಮುಖ್ಯ, ಇದು ಅಮುಖ್ಯ ಎಂದು ವೈದ್ಯನು ಮೊದಲೇ ಆರಿಸಬಾರದು. ಎಲ್ಲಕ್ಕೂ ಸಮನಾದ, ತೇಲುವ ಗಮನ ಕೊಡಬೇಕೆಂದು ಫ್ರಾಯ್ಡನು 1912ರಲ್ಲಿ ವೈದ್ಯರಿಗೆ ತಿಳಿಸಿದನು. ತನಗೆ ಬೇಕಾದುದನ್ನೇ ಹುಡುಕುವವನಿಗೆ ತಾನು ಮೊದಲೇ ಬಲ್ಲದ್ದಲ್ಲದೆ ಬೇರೇನೂ ಸಿಗುವುದಿಲ್ಲವೆಂಬುದು ಇದರ ಭಾವ.

ಮೂರನೆಯದು ಶಿಕ್ಷಕರಿಗೆ ಬಹಳ ಹತ್ತಿರದ ಸಂಗತಿ. ರೋಗಿಯು ತನ್ನ ತಂದೆಯ ಮೇಲಿನ ಭಯವನ್ನು, ತಾಯಿಯ ಮೇಲಿನ ಮುನಿಸನ್ನು, ಅಣ್ಣತಮ್ಮಂದಿರ ಮೇಲಿನ ಮತ್ಸರವನ್ನು ತನಗೆ ತಿಳಿಯದೆಯೇ ವೈದ್ಯನ ಮೇಲೆ ಹೊರಿಸುತ್ತಾನೆ. ಇದನ್ನು ಭಾವವರ್ಗಾವಣೆ ಎನ್ನಬಹುದು. ಒಬ್ಬ ವಿದ್ಯಾರ್ಥಿ ಯಾವ ಕಾರಣವೂ ಇಲ್ಲದೆ ಒಬ್ಬ ಶಿಕ್ಷಕರನ್ನು ಕಂಡರೆ ನಡುಗುವುದೂ, ಮತ್ತೊಬ್ಬನು ಎಷ್ಟು ಪ್ರೀತಿಯಿಂದ ಕಂಡರೂ ಎದುರುತ್ತರ ಕೊಡುವುದೂ ಅನೇಕ ವೇಳೆ ಇದೇ ಬಗೆಯದು. ಆ ಭಯ ಆ ಸಿಟ್ಟು ಹುಟ್ಟಿದ್ದು ಮನೆಯಲ್ಲಿ. ಎದುರಿಗೆ ಸಿಕ್ಕವರು ಶಿಕ್ಷಕರು. ಇದನ್ನರಿತ ಶಿಕ್ಷಕನು ಅದನ್ನು ತನಗಾದ ಅಪಮಾನವೆಂದು ಎಣಿಸದೆ, ಒಂದು ಸುದ್ದಿಯೆಂದು ತಿಳಿದು ಓದಬಲ್ಲನು.

ಭಾರತೀಯ ನೆಲದಲ್ಲಿ ಮನೋವಿಶ್ಲೇಷಣೆ

ಈ ಶಾಸ್ತ್ರವು ನಮ್ಮ ದೇಶಕ್ಕೆ ತಡವಾಗಿ ಬಂದದ್ದಲ್ಲ. ಕಲಕತ್ತೆಯ ಡಾ. ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡನೊಂದಿಗೆ ಅವರು ಅನೇಕ ವರ್ಷ ಪತ್ರವ್ಯವಹಾರ ನಡೆಸಿದರು. 1931ರಲ್ಲಿ ಅವನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ದಂತದ ವಿಷ್ಣುವಿಗ್ರಹವೊಂದು ಕಲಕತ್ತೆಯಿಂದ ವಿಯೆನ್ನಾಕ್ಕೆ ಹೋಯಿತು. ಆದರೆ ಬೋಸರು ಬರಿಯ ಅನುಯಾಯಿಗಳಾಗಿರಲಿಲ್ಲ. ಪ್ರತಿಯೊಂದು ಬಯಕೆಯ ಜೊತೆಗೆ ಅದರ ವಿರುದ್ಧವಾದ ಬಯಕೆಯೂ ಮನಸ್ಸಿನಲ್ಲಿ ಇರುತ್ತದೆಂಬ ಸ್ವಂತ ಸಿದ್ಧಾಂತವನ್ನು ಅವರು ಮಂಡಿಸಿದರು. ಯುರೋಪಿನ ಕುಟುಂಬದಲ್ಲಿ ಕಂಡದ್ದೇ ಬಂಗಾಳದ ಮನೆಯಲ್ಲಿಯೂ ಅದೇ ರೂಪದಲ್ಲಿ ಕಾಣಬೇಕಿಲ್ಲವೆಂದು ಗುರುವಿಗೇ ವಿನಯದಿಂದ ಬರೆದರು.

ಕರ್ನಾಟಕದಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ಬೆಳೆಸಿದವರು ಡಾ. ಎಂ. ವಿ. ಗೋವಿಂದಸ್ವಾಮಿಯವರು. 1954ರಲ್ಲಿ ಅಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಇಂದಿನ ನಿಮ್ಹಾನ್ಸ್ ಆಯಿತು. ಕನ್ನಡ ಓದುಗರಿಗೆ ಮನಸ್ಸಿನ ಕಥೆಯನ್ನು ಸುಲಭವಾಗಿ ತಿಳಿಸಿದವರು 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ಅವರೇ 'ಮನಮಂಥನ'ವನ್ನು ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಪಾಶ್ಚಾತ್ಯ ಪದ್ಧತಿ ಇಲ್ಲಿ ಹಾಗೆಯೇ ನಡೆಯುವುದೇ ಎಂಬ ಸಂದೇಹವನ್ನು ನಮ್ಮ ವೈದ್ಯರೇ ಎತ್ತಿದರು. ಬೆಂಗಳೂರಿನ ಡಾ. ಎನ್. ಸಿ. ಸೂರ್ಯ ಮತ್ತು ಜಯರಾಂ ಅವರು 1964ರ ಲೇಖನವೊಂದರಲ್ಲಿ ಈ ಪ್ರಶ್ನೆಯನ್ನು ಚರ್ಚಿಸಿದರು. ಭಾರತದ ರೋಗಿ ವೈದ್ಯನನ್ನು ಅಪರಿಚಿತ ತಜ್ಞನೆಂದು ನೋಡುವುದಿಲ್ಲ. ಮನೆಯ ಹಿರಿಯನಂತೆ ತನ್ನನ್ನು ವಹಿಸಿಕೊಳ್ಳಲೆಂದು ಬಯಸುತ್ತಾನೆ. ಮೌನವಾಗಿ ಕುಳಿತ ವೈದ್ಯನು ಅವನಿಗೆ ನಿರ್ದಯನಂತೆ ಕಾಣಬಹುದು. ಡಾ. ಜಸ್ವಂತ್ ಸಿಂಗ್ ನೇಕಿಯವರು 1973ರಲ್ಲಿ ಗುರುಶಿಷ್ಯ ಸಂಬಂಧವೇ ಚಿಕಿತ್ಸೆಗೆ ಮಾದರಿಯಾಗಬಹುದೆ ಎಂದು ವಿಚಾರಮಾಡಿದರು. ಮನೋವಿಶ್ಲೇಷಕ ಸುಧೀರ್ ಕಾಕರ್ (1938–2024) ಅವರು ದರ್ಗಾ, ದೇವಸ್ಥಾನ, ಆಶ್ರಮ, ವೈದ್ಯಶಾಲೆಗಳಿಗೆ ಸ್ವತಃ ಹೋಗಿ, ಅಲ್ಲಿ ನಡೆಯುವ ಉಪಶಮನವನ್ನು ನೋಡಿ 1982ರಲ್ಲಿ ಗ್ರಂಥ ಬರೆದರು. ಮೂಢನಂಬಿಕೆಯೆಂದು ತಳ್ಳಿಹಾಕದೆ, ಪವಾಡವೆಂದು ಕೈಮುಗಿಯದೆ, ಅಲ್ಲಿ ಸಂಕಟಪಡುವ ಮನುಷ್ಯನಿಗೆ ಏನಾಗುತ್ತಿದೆ ಎಂದು ಕೇಳಿದ್ದು ಅವರ ವೈಶಿಷ್ಟ್ಯ.

ಸಂಕಟಕ್ಕೂ ಒಂದು ಭಾಷೆ

ಪ್ರತಿಯೊಂದು ಸಂಸ್ಕೃತಿಯೂ ತನ್ನ ಮಕ್ಕಳಿಗೆ ಸುಖವನ್ನು ಹೇಳುವ ಮಾತನ್ನು ಕಲಿಸುವಂತೆ ದುಃಖವನ್ನು ಹೇಳುವ ಮಾತನ್ನೂ ಕಲಿಸುತ್ತದೆ. ನಮ್ಮ ಭಾಗದಲ್ಲಿ 'ನನಗೆ ಖಿನ್ನತೆಯಾಗಿದೆ' ಎಂದು ಹೇಳಿಕೊಂಡು ಬರುವವರು ವಿರಳ. 'ಜೀವಕ್ಕ ಸಮಾಧಾನಿಲ್ರಿ', 'ಎದಿ ಒಡದಂಗ ಆಗ್ಯದ್ರಿ', 'ಹೊಟ್ಟ್ಯಾಗ ಸಂಕಟ ಆಗ್ತದ್ರಿ', 'ಕೈಕಾಲಾಗಿನ ಶಕ್ತಿ ಹೋಗ್ಯದ್ರಿ' ಎನ್ನುತ್ತಾರೆ. ಒಂದು ಕಾಲದಲ್ಲಿ ಕೆಲವು ವಿದ್ವಾಂಸರು, ಮನಸ್ಸಿನ ಮಾತನ್ನಾಡಲು ಬಾರದವರು ದೇಹದ ಮಾತನ್ನಾಡುತ್ತಾರೆ ಎಂದು ಇದನ್ನು ಕೊರತೆಯೆಂಬಂತೆ ವರ್ಣಿಸಿದ್ದರು. ಇದು ಸರಿಯಾಗಲಾರದು. ದೇಹವೆಂದೂ ಮನಸ್ಸೆಂದೂ ಎರಡು ಹೋಳು ಮಾಡಿ ನೋಡುವುದು ಒಂದು ಸಂಸ್ಕೃತಿಯ ಅಭ್ಯಾಸ. ಎರಡನ್ನೂ 'ಜೀವ' ಎಂಬ ಒಂದೇ ಮಾತಿನಲ್ಲಿ ಹಿಡಿಯುವುದು ಇನ್ನೊಂದರ ಅಭ್ಯಾಸ. 'ಹೊಟ್ಟೆಯಲ್ಲಿ ಸಂಕಟ' ಎಂದವಳಿಗೆ ಹೊಟ್ಟೆಯ ಮಾತ್ರೆ ಬರೆದುಕೊಟ್ಟು ಕಳಿಸುವವನಿಗೆ ಕನ್ನಡ ತಿಳಿದಿದ್ದರೂ ಆ ಹೆಣ್ಣುಮಗಳ ಭಾಷೆ ತಿಳಿದಿಲ್ಲವೆಂದೇ ಹೇಳಬೇಕು. ಹಾಗೆಂದು ಹೊಟ್ಟೆಯನ್ನು ಪರೀಕ್ಷಿಸದೆ ಎಲ್ಲವೂ ಮನಸ್ಸಿನದೆಂದು ನಿರ್ಧರಿಸುವುದೂ ಅಷ್ಟೇ ತಪ್ಪು. ಮೊದಲು ವೈದ್ಯಪರೀಕ್ಷೆ, ಅದರ ಜೊತೆಗೇ ಆಲಿಸುವಿಕೆ.

ಹೇಳಲಾಗದುದನ್ನು ಹಾಡಿ ಹೇಳುವ ದಾರಿಯೂ ನಮ್ಮಲ್ಲಿದೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಅತ್ತೆಯ ಕಾಟವನ್ನು, ತವರಿನ ಹಂಬಲವನ್ನು, ಕಳೆದುಕೊಂಡ ಕೂಸಿನ ನೆನಪನ್ನು ಪದಕಟ್ಟಿ ಹಾಡಿದರು. ನೇರವಾಗಿ ಆಡಿದರೆ ಮನೆ ಒಡೆಯುವ ಮಾತು ಹಾಡಿನಲ್ಲಿ ಬಂದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮೊಹರಮ್ಮಿನ ರಾತ್ರಿಗಳಲ್ಲಿ ಕರ್ಬಲದ ದುಃಖವನ್ನು ಕುರಿತ ರಿವಾಯತ ಪದಗಳನ್ನು ಹಿಂದೂ ಮುಸಲ್ಮಾನರೆನ್ನದೆ ಹಾಡುವ ರೂಢಿ ಈ ಸೀಮೆಯದು. ದೂರದ ನಾಡಿನ ಹಳೆಯ ದುಃಖದ ನೆವದಲ್ಲಿ ಕೇಳುವವರು ತಮ್ಮ ಮನೆಯ ಸಾವಿಗೂ ಕಣ್ಣೀರಿಡುತ್ತಾರೆ. ಅಗಲಿದವರನ್ನು ಕುರಿತ ಶೋಕವು ಸರಿಯಾಗಿ ನಡೆಯದೆ ಒಳಗೇ ನಿಂತರೆ ಅದು ತನ್ನನ್ನೇ ಹಳಿದುಕೊಳ್ಳುವ ವಿಷಾದವಾಗಿ ತಿರುಗಬಹುದೆಂದು ಫ್ರಾಯ್ಡನು 1917ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾನೆ. ಕೂಡಿ ಅಳುವ ಸಂಪ್ರದಾಯಗಳು ಇಂತಹ ಶೋಕಕ್ಕೆ ಊರೇ ಕೊಟ್ಟ ಅನುಮತಿಯಾಗಿದ್ದವು. ಕಲ್ಲು ಹೋಗಿ ಗಿರಣಿ ಬಂದುದು ಮೈಯ ಶ್ರಮವನ್ನು ಉಳಿಸಿತು, ಅದು ಒಳ್ಳೆಯದೇ ಆಯಿತು. ಆದರೆ ಅದರೊಂದಿಗೆ ಹೋದ ಹಾಡಿನ ಜಾಗವನ್ನು ಬೇರಾವುದು ತುಂಬಿತೆಂಬುದು ವಿಚಾರಾರ್ಹ.

ಗಾಣಗಾಪುರದ ಪೌಳಿಯಲ್ಲಿ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವು ಭೀಮಾ ಅಮರ್ಜಾ ನದಿಗಳ ಸಂಗಮದ ಪುಣ್ಯಕ್ಷೇತ್ರ. ಶ್ರೀ ನೃಸಿಂಹ ಸರಸ್ವತಿಗಳು ನೆಲೆಸಿದ್ದ, ಅವರ ನಿರ್ಗುಣ ಪಾದುಕೆಗಳಿರುವ ಈ ಸ್ಥಳಕ್ಕೆ ಕರ್ನಾಟಕ ಮಹಾರಾಷ್ಟ್ರಗಳಿಂದ ಭಕ್ತರು ಬರುತ್ತಾರೆ. ದೆವ್ವ, ಗಾಳಿ, ಮಾಟಗಳ ಪೀಡೆಯಿದೆಯೆಂದು ನಂಬಿದವರನ್ನೂ ಮನೆಯವರು ಇಲ್ಲಿಗೆ ಕರೆತರುವುದುಂಟು. ಮಧ್ಯಾಹ್ನದ ಮಹಾಮಂಗಳಾರತಿಯ ವೇಳೆಗೆ ಅವರಲ್ಲಿ ಕೆಲವರು ಕೂಗುತ್ತಾರೆ, ಕೂದಲು ಕೆದರಿ ತೂಗುತ್ತಾರೆ, ಕಂಬವನ್ನೇರುತ್ತಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಮನಸ್ಸು ನೊಂದವರು ಜಾತಿಮತಗಳ ಎಣಿಕೆಯಿಲ್ಲದೆ ಹೋಗುತ್ತಾರೆ.

ಮೈಮೇಲೆ ಬರುವಿಕೆಯನ್ನು ನಮ್ಮ ಮನೋವೈದ್ಯರು ಗಂಭೀರವಾಗಿ ಅಭ್ಯಾಸ ಮಾಡಿದ್ದಾರೆ. ಕನ್ನಡದಲ್ಲಿ ಮಾನಸಿಕ ಆರೋಗ್ಯ ಕುರಿತು ಹಲವಾರು ಪುಸ್ತಕಗಳನ್ನು ಬರೆದ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು 1980ರ ದಶಕದಲ್ಲಿ ಈ ವಿಷಯದ ಸಂಶೋಧನೆ ಮಾಡಿದವರಲ್ಲಿ ಮುಖ್ಯರು. ಮನೋವಿಶ್ಲೇಷಣೆಯ ದೃಷ್ಟಿಯಿಂದ ಇದನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಒಂದು ಮನೆಗೆ ಸೊಸೆಯಾಗಿ ಬಂದ ಹುಡುಗಿ. ಓದು ನಡುವೆ ನಿಂತಿದೆ. ಗಂಡ ಪುಣೆಗೆ ದುಡಿಯಲು ಹೋಗಿದ್ದಾನೆ. ಮಕ್ಕಳಾಗಲಿಲ್ಲವೆಂಬ ಮಾತು ದಿನವೂ ಕಿವಿಗೆ ಬೀಳುತ್ತಿದೆ. ಎದುರುತ್ತರ ಕೊಡುವುದು ಅವಳಿಗೆ ಸಾಧ್ಯವಿಲ್ಲ; ಸಿಟ್ಟು ಬಂದಿದೆಯೆಂದು ತನಗೆ ತಾನೇ ಒಪ್ಪಿಕೊಳ್ಳುವುದೂ ಸಾಧ್ಯವಿಲ್ಲ. ಒಂದು ದಿನ ಮೈನಡುಗಿ ಬಿದ್ದು, ಎದ್ದಾಗ ಬೇರೊಂದು ದನಿಯಲ್ಲಿ ಮನೆಯ ಹಿರಿಯರನ್ನು ಏಕವಚನದಲ್ಲಿ ಬೈಯುತ್ತಾಳೆ. ಬೈದದ್ದು ಅವಳಲ್ಲ, ಮೈಯಲ್ಲಿ ಬಂದದ್ದು. ಅವಳು ಬೇಕೆಂದು ನಟಿಸುತ್ತಿಲ್ಲ. ಅವಳೊಳಗೆ ದಾರಿ ಕಾಣದ ಮಾತಿಗೆ ಸಂಸ್ಕೃತಿಯು ಕೊಟ್ಟ ಬಾಗಿಲು ಅದೊಂದೇ. ಕ್ಷೇತ್ರಕ್ಕೆ ಕರೆತಂದಾಗ ಮನೆಯವರೆಲ್ಲ ಕೆಲಸ ಬಿಟ್ಟು ಜೊತೆಗೆ ಬರುತ್ತಾರೆ, ಹಲವು ದಿನ ಅಲ್ಲಿಯೇ ಉಳಿಯುತ್ತಾರೆ, ಅವಳ ಕೂಗನ್ನು ಕೇಳುತ್ತಾರೆ. ಜೀವನದಲ್ಲಿ ಮೊದಲ ಬಾರಿಗೆ ಅವಳು ಎಲ್ಲರ ಗಮನದ ನಡುವೆ ಇದ್ದಾಳೆ. ಕೆಲವರಿಗೆ ಅಲ್ಲಿ ಉಪಶಮನವಾಗುವುದಕ್ಕೆ ಶ್ರದ್ಧೆಯೊಡನೆ ಇದೂ ಒಂದು ಕಾರಣವೆಂದು ತೋರುತ್ತದೆ.

ಆದರೆ ಈ ಬಾಗಿಲಿಗೂ ಮಿತಿಯಿದೆ. ಅಲ್ಲಿ ದೆವ್ವದ ಮಾತನ್ನು ಕೇಳುತ್ತಾರೆ, ಹುಡುಗಿಯ ಮಾತನ್ನಲ್ಲ. ದೆವ್ವ ಬಿಟ್ಟಿತೆಂದು ಮನೆಗೆ ಬಂದ ಮೇಲೆ ಓದು, ಗಂಡ, ಬೈಗಳು ಎಲ್ಲವೂ ಮೊದಲಿನಂತೆಯೇ ಇದ್ದರೆ ಬೇನೆಯೂ ಮರಳಿ ಬರುತ್ತದೆ. ಅಲ್ಲದೆ, ತೀವ್ರವಾದ ಮನೋರೋಗಗಳಿಗೂ ಮೂರ್ಛೆರೋಗಕ್ಕೂ ಔಷಧಗಳಿವೆ. ಅವುಗಳನ್ನು ತಡಮಾಡಿದಷ್ಟು ಹಾನಿ ಹೆಚ್ಚು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಮನೋರೋಗಿಗಳು ತಪ್ಪಿಸಿಕೊಳ್ಳಲಾರದೆ 28 ಜನ ಸತ್ತರು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದು ಬಡಿದು ಹಿಂಸಿಸುವುದನ್ನು ಕರ್ನಾಟಕದ್ದೇ ಆದ 2017ರ ಇನ್ನೊಂದು ಕಾಯಿದೆ ಅಪರಾಧವೆಂದು ಸಾರಿದೆ. ಭಕ್ತಿಗೆ ಇದರಿಂದ ಯಾವ ಕುಂದೂ ಇಲ್ಲ. ದೇವರ ದರ್ಶನಕ್ಕೆ ಹೋಗುವವನು ವೈದ್ಯನ ಬಳಿಗೂ ಹೋಗಬಹುದು. ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ.

ವಚನ ಎಂದರೆ ಆಡಿದ ಮಾತು

ಮಾತಿಗೆ ಮಹತ್ವ ಕೊಟ್ಟ ನಾಡು ನಮ್ಮದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ರಚಿಸಿದ ಸಾಹಿತ್ಯಕ್ಕೆ ವಚನವೆಂದೇ ಹೆಸರು. ಅನುಭವ ಮಂಟಪದ ಪರಂಪರೆಯಲ್ಲಿ ಅಂಬಿಗ, ಮಡಿವಾಳ, ಮಾದಾರ, ಸೂಳೆಯೆನಿಸಿಕೊಂಡಿದ್ದವಳು, ಎಲ್ಲರೂ ತಮ್ಮ ಅನುಭಾವವನ್ನು ತಮ್ಮ ಮಾತಿನಲ್ಲಿ ಹೇಳಿದರು, ಸಭೆ ಕೇಳಿತು. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಅಲ್ಲಿ ಪ್ರಶ್ನೆ ಬಹಳ ಕಠಿಣ. ಆದರೆ ಉತ್ತರವನ್ನು ಅಕ್ಕನೇ ಕೊಡುತ್ತಾಳೆ, ಅವಳ ಪರವಾಗಿ ಯಾರೂ ಕೊಡುವುದಿಲ್ಲ.

ಈ ಪರಂಪರೆ ಕಲ್ಯಾಣದೊಂದಿಗೆ ಮುಗಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಅಖಂಡೇಶ್ವರ ಅಂಕಿತದಲ್ಲಿ ನೂರಾರು ವಚನಗಳನ್ನು ರಚಿಸಿದರು. ಜೇವರ್ಗಿ ಸೀಮೆಯದೇ ಆದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಇಂದಿಗೂ ಅಮಾವಾಸ್ಯೆಯ ಭಜನೆಗಳಲ್ಲಿ ಏಕತಾರಿ ದಮ್ಮಡಿಗಳೊಂದಿಗೆ ಹಾಡುತ್ತಾರೆ. ಅವರ ಶಿಷ್ಯಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಂತಹ ಮುಸಲ್ಮಾನರೂ ಇದ್ದರು. ಪಂಡಿತರ ಸಭೆಯಲ್ಲಿ ಸ್ಥಾನ ದೊರೆಯದ ಜನರು ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ಹಾಡಿದ್ದು, ಕೇಳಿದ್ದು ಈ ಭಜನೆಗಳ ಹಿರಿಮೆ.

ಇಷ್ಟು ಹೇಳಿದ ಮಾತ್ರಕ್ಕೆ ಶರಣರು ಫ್ರಾಯ್ಡನಿಗಿಂತ ಮೊದಲೇ ಎಲ್ಲವನ್ನೂ ಕಂಡಿದ್ದರೆಂದು ಹೆಮ್ಮೆಪಡುವುದು ಯುಕ್ತವಲ್ಲ. ಅನುಭಾವದ ಗುರಿ ಲಿಂಗಾಂಗ ಸಾಮರಸ್ಯ. ಚಿಕಿತ್ಸೆಯ ಗುರಿ ನೊಂದವನು ತನ್ನ ಬಾಳನ್ನು ಮತ್ತೆ ಬಾಳುವಂತಾಗುವುದು. ಒಂದು ಎಲ್ಲರೆದುರಿನ ಮಾತು. ಇನ್ನೊಂದು ಗುಟ್ಟಾಗಿ ಉಳಿಯಬೇಕಾದ ಮಾತು. ಗುರುವಿನ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಡಾ. ನೇಕಿಯವರು ಹೇಳಿದಂತೆ ಗುರುಶಿಷ್ಯ ಸಂಬಂಧದಲ್ಲಿ ಆಸರೆಯಿದೆ, ನಿಜ. ಆದರೆ ಆಸರೆಯೇ ಅಂಕೆಯಾಗಿ, ಶಿಷ್ಯನು ಕೊನೆಯವರೆಗೂ ಮಗುವಾಗಿಯೇ ಉಳಿಯುವ ಅಪಾಯವೂ ಇದೆ. ಹೊರಗಿನ ಗುರುವಿನಿಂದ ಒಳಗಿನ ಅರಿವಿನ ಕಡೆಗೆ ಶಿಷ್ಯನನ್ನು ತಿರುಗಿಸುವುದೇ ನಮ್ಮ ತತ್ತ್ವದ ಗುರುವಿನ ಲಕ್ಷಣ. ಒಳ್ಳೆಯ ಚಿಕಿತ್ಸಕನೂ ಕ್ರಮೇಣ ತಾನು ಬೇಡವಾಗುವಂತೆ ನಡೆದುಕೊಳ್ಳುತ್ತಾನೆ. ಸಾಮ್ಯವಿರುವುದು ಇಲ್ಲಿ.

ಎಲ್ಲ ಸಂಕಟವೂ ಮನಸ್ಸಿನದಲ್ಲ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮದು ತೊಗರಿಯ ನಾಡು. ಮಳೆಯನ್ನು ನಂಬಿದ ನಾಡು. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಆಳಂದದ ಗಡಿಯಾಚೆಗೆ ಊರೂರನ್ನೇ ನೆಲಸಮ ಮಾಡಿತು. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ ಜೇವರ್ಗಿ ತಾಲ್ಲೂಕುಗಳ ಹೊಲಮನೆಗಳಿಗೆ ನೀರು ನುಗ್ಗಿತು. ಸಾಲದ ಹೊರೆ, ಬೆಳೆಯ ನಷ್ಟ, ಮುಂಬೈ ಪುಣೆಗಳಿಗೆ ವಲಸೆ, ಜಾತಿಯ ಅಪಮಾನ, ಇವೆಲ್ಲ ಮನಸ್ಸಿನ ಹೊರಗೆ ಹುಟ್ಟಿ ಒಳಗೆ ಹೊಕ್ಕ ನೋವುಗಳು. ಇಂತಹವನಿಗೆ 'ನಿನ್ನ ಮನಸ್ಸು ಗಟ್ಟಿಮಾಡಿಕೋ' ಎಂದರೆ ತಪ್ಪನ್ನು ಅವನ ಮೇಲೆಯೇ ಹೊರಿಸಿದಂತಾಗುತ್ತದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರ್ಗಿಯಲ್ಲಿ ನೆಲೆನಿಂತ ಶ್ರೀ ಶರಣಬಸವೇಶ್ವರರು ಹಸಿದು ಬಂದವನಿಗೆ ಮೊದಲು ಪ್ರಸಾದವನ್ನು ನೀಡಿದರು. ಅದಕ್ಕೇ ಅವರು ದಾಸೋಹಮೂರ್ತಿಗಳು. ಅನ್ನದಿಂದ ತೀರುವ ಸಂಕಟವನ್ನು ಅನ್ನದಿಂದಲೇ ತೀರಿಸಬೇಕು, ಸಾಲದ ಸಂಕಟಕ್ಕೆ ಸಾಲದ ಪರಿಹಾರವೇ ಬೇಕು. ಆಲಿಸುವವನು ಇದು ಯಾವ ಬಗೆಯ ಸಂಕಟವೆಂಬುದನ್ನು ಮೊದಲು ಆಲಿಸಿಯೇ ತಿಳಿಯಬೇಕು.

ಇನ್ನು ಕೆಲವು ನೋವುಗಳು ಮನೆತನಗಳಲ್ಲಿ ಮೌನವಾಗಿ ಇಳಿದು ಬರುತ್ತವೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮುಂಚೆ ರಜಾಕಾರರ ಹಾವಳಿಯಲ್ಲಿ ಅನೇಕರು ಊರು ಬಿಟ್ಟರು. ಕಾರ್ಯಾಚರಣೆಯ ಬಳಿಕ ನಿರಪರಾಧಿ ಮುಸಲ್ಮಾನ ಕುಟುಂಬಗಳೂ ಪೆಟ್ಟು ತಿಂದವು. ಎರಡೂ ಕಡೆಯ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳದೆ ಉಳಿಸಿದ ಸಂಗತಿಗಳು ಎಷ್ಟಿವೆಯೋ. ಹೇಳದ ದುಃಖವು ಮುಂದಿನ ತಲೆಮಾರಿಗೆ ಕಾರಣ ತಿಳಿಯದ ಭಯವಾಗಿ, ನೆರೆಯವರ ಮೇಲಿನ ಸಂಶಯವಾಗಿ ದಾಟುವುದೆಂದು ಮನೋವಿಶ್ಲೇಷಕರು ಇಪ್ಪತ್ತನೆಯ ಶತಮಾನದ ಯುದ್ಧಗಳ ಬಳಿಕ ಮನಗಂಡಿದ್ದಾರೆ.

ನಮ್ಮ ಶಾಲೆಗಳ ಹೊಣೆ

ಮನೋವಿಶ್ಲೇಷಣೆ ದೀರ್ಘಕಾಲದ, ದುಬಾರಿಯಾದ ಚಿಕಿತ್ಸೆ. ವಾರಕ್ಕೆ ನಾಲ್ಕೈದು ದಿನದಂತೆ ವರ್ಷಗಟ್ಟಲೆ ನಡೆಯುವ ಅದನ್ನು ಹಳ್ಳಿಗಳಿಗೆ ತರುವುದು ಆಗದ ಮಾತು. ಆದರೆ ಅದರ ತಿರುಳಾದ ಆಲಿಸುವಿಕೆಯನ್ನು ತರಬಹುದು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ದಿತು. ಆ ಪ್ರಯೋಗವೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಅಧ್ಯಯನವಿದೆ. ಮನಸ್ಸು ಮಾಡಿದರೆ ತರಬೇತಿಗೆ ದೂರ ಹೋಗಬೇಕಾಗಿಲ್ಲ.

ಮಠಗಳ ಶಾಲೆಗಳು ಈ ಭಾಗದಲ್ಲಿ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟಿವೆ. ಆ ಉಪಕಾರವನ್ನು ಮರೆಯುವವರಾರೂ ಇಲ್ಲ. ಆದರೂ ನಾವು ಮಕ್ಕಳಿಗೆ ಹೇಳಿದಷ್ಟು ಮಕ್ಕಳಿಂದ ಕೇಳಿದ್ದೇವೆಯೆ ಎಂದು ಪ್ರಶ್ನಿಸಿಕೊಳ್ಳಬೇಕಾಗಿದೆ. ಪ್ರಾರ್ಥನೆಯಲ್ಲಿ ಉಪದೇಶ, ತರಗತಿಯಲ್ಲಿ ಪಾಠ, ಸಂಜೆ ಪ್ರವಚನ. ಮಗು ದಿನವಿಡೀ ಕೇಳುಗನೇ. ಪ್ರಸಾದ ನಿಲಯದಲ್ಲಿರುವ ಹುಡುಗನ ತಂದೆತಾಯಿ ಕಬ್ಬು ಕಡಿಯಲೋ ಕಟ್ಟಡ ಕೆಲಸಕ್ಕೋ ಪರಸ್ಥಳದಲ್ಲಿರಬಹುದು. ಅವನು ಹಾಸಿಗೆಯಲ್ಲಿ ಉಚ್ಚೆ ಹೊಯ್ದರೆ, ಊಟ ಬಿಟ್ಟರೆ, ಅಂಕಗಳು ಒಮ್ಮೆಲೆ ಕುಸಿದರೆ, ಅದನ್ನು ಶಿಸ್ತಿನ ಕೊರತೆಯೆಂದು ದಂಡಿಸುವ ಮುನ್ನ, ಆಡಲಾಗದ ಮಾತೊಂದು ಹೀಗೆ ಹೊರಬಂದಿದೆಯೆ ಎಂದು ನೋಡಬೇಕು.

ಆಲಿಸುವ ಶಿಕ್ಷಕನು ಪಾಲಿಸಬೇಕಾದ ಕೆಲವು ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು. ಮಗು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಸುಮ್ಮನಾದರೆ ಸುಮ್ಮನಿರಲು ಬಿಡಬೇಕು. 'ಇಷ್ಟಕ್ಕೆಲ್ಲ ಅಳತಾರೇನು?' ಎಂಬ ಮಾತು ಬಾಗಿಲನ್ನು ಮುಚ್ಚುತ್ತದೆ. ಕೂಡಲೇ ಬುದ್ಧಿವಾದ ಹೇಳಬಾರದು. ಆದರೆ ಕಲ್ಲಿನಂತೆ ಕೂಡಲೂಬಾರದು. ನಮ್ಮ ಮಕ್ಕಳಿಗೆ 'ಏನಾಯ್ತಪ್ಪಾ, ಹೇಳು', 'ಕೂಡವ್ವಾ, ನೀರು ಕುಡಿ' ಎಂಬ ಹಿರಿಯರ ಅಕ್ಕರೆಯ ಮಾತು ಬೇಕು, ಡಾ. ಸೂರ್ಯ ಅವರು ತಿಳಿಸಿದ್ದೂ ಇದನ್ನೇ. ಕೇಳಿದ್ದನ್ನು ಶಿಕ್ಷಕರ ಕೊಠಡಿಯಲ್ಲಿ ಹರಟೆಗೆ ತರಬಾರದು. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ ಗುಟ್ಟು ಕಾಯುವಂತಿಲ್ಲ. 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಪರಾಧಿಯು ಸಂಸ್ಥೆಗೆ ಎಷ್ಟೇ ಹತ್ತಿರದವನಾಗಿದ್ದರೂ ಈ ನಿಯಮಕ್ಕೆ ರಿಯಾಯಿತಿಯಿಲ್ಲ. ಸಾಯುವ ಮಾತನ್ನು ಮಗು ಒಮ್ಮೆ ಆಡಿದರೂ ಅದನ್ನು ಹಗುರವಾಗಿ ಕಾಣದೆ, ಮಗುವನ್ನು ಒಂಟಿಯಾಗಿ ಬಿಡದೆ, ಪಾಲಕರನ್ನು ಕರೆಸಿ ತಜ್ಞರ ಬಳಿಗೆ ಒಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸುವುದು ಸುಲಭದ ಕೆಲಸ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ತಮ್ಮ ಔದಾರ್ಯದಿಂದ ಕಲ್ಲಿನ ಕಟ್ಟಡಗಳು, ಮಹಾದ್ವಾರಗಳು, ಸಭಾಭವನಗಳು ಎದ್ದು ನಿಂತಿವೆ. ಅವುಗಳ ನಡುವೆ ಎರಡು ಕುರ್ಚಿ, ಒಂದು ಬಾಗಿಲು ಇರುವ ಸಣ್ಣ ಕೋಣೆಗೂ, ವಾರಕ್ಕೆ ಎರಡು ದಿನ ಬರುವ ತರಬೇತಾದ ಆಪ್ತಸಮಾಲೋಚಕರೊಬ್ಬರ ಗೌರವಧನಕ್ಕೂ, ಇಬ್ಬರು ಶಿಕ್ಷಕರ ತರಬೇತಿಗೂ ದತ್ತಿಯಿಡುವುದು ದೊಡ್ಡ ವೆಚ್ಚವಲ್ಲ. ಆ ಕೋಣೆಗೆ ಯಾರ ಹೆಸರಿನ ಶಿಲಾಫಲಕವೂ ಬೇಡ. ಅಲ್ಲಿಗೆ ಹೋಗಿ ಬಂದ ಮಗುವಿನ ಹೆಸರೂ ಯಾವ ವರದಿಯಲ್ಲಿಯೂ ಬರಬಾರದು. ಹಸಿದವರನ್ನು ಬರಿಗೈಯಲ್ಲಿ ಕಳಿಸದ ಸಂಪ್ರದಾಯ ನಮ್ಮ ಮಠಗಳದು. ಹೇಳಿಕೊಳ್ಳಲು ಬಂದ ಮಗುವನ್ನೂ ಕೇಳದೆ ಕಳಿಸದಿರುವುದು ಆ ದಾಸೋಹದ ಇನ್ನೊಂದು ರೂಪವೆಂದು ನಾವು ತಿಳಿದರೆ, ಮುಂದಿನ ವರ್ಷದ ಸಂಚಿಕೆ ಹೊರಬರುವ ವೇಳೆಗೆ ಈ ಕಾರ್ಯವು ಕೆಲವು ಶಾಲೆಗಳಲ್ಲಾದರೂ ಆರಂಭವಾಗಿರಲೆಂದು ಹಾರೈಸೋಣ.